ಏಳು ಮೊನೆ, ಒಂದು ಭುಜ

ಉತ್ತರ ಕೆರೊಲೈನಾದ ಕಾಡು ಟರ್ಕಿ ಕೋಳಿಗಳೆಲ್ಲ ಒಂದು ದಿನ ಸಭೆ ಸೇರಿ ನನ್ನ ಸೋದರಮಾವನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಬೇಕು. ತಮ್ಮನ್ನು ಕೊಲ್ಲಲು ಇಷ್ಟು ಶ್ರದ್ಧೆಯಿಂದ ತಯಾರಿ ನಡೆಸಿ, ಕೊನೆಗೆ ಒಂದು ಗರಿಯನ್ನೂ ಉದುರಿಸದ ಬೇಟೆಗಾರ ಅವಕ್ಕೆ ಇನ್ನೆಲ್ಲಿ ಸಿಕ್ಕಾನು? ಉತ್ಪ್ರೇಕ್ಷೆ ಅನ್ನುತ್ತೀರಾ? ನಾನು ತಾರೀಕು ಹಾಕಿ ಡೈರಿ ಬರೆಯುವವಳು. 2016ರ ವಸಂತದ ಲೆಕ್ಕ ಹೀಗಿದೆ: ಮಾಮಾ ಕೊಂಡ ಬಾಣದ ಮೊನೆಗಳು ಏಳು ಬಗೆ; ಹತವಾದ ಜೋಳದ ರೊಟ್ಟಿಗಳು ನಲವತ್ತೊಂದು; ಟರ್ಕಿಗಳು ಸೊನ್ನೆ.

ನಡುವೆ ರೊಟ್ಟಿ ಎಲ್ಲಿಂದ ಬಂತು? ಹೇಳುತ್ತೇನೆ, ಸ್ವಲ್ಪ ತಾಳಿ.

ಮಾಮಾ ಧಾರವಾಡದ ಮೆಕ್ಯಾನಿಕಲ್ ಇಂಜಿನಿಯರ್. ಮನೆ ಅಲ್ಲಿಯ ಕ್ಯಾರಿ ಎಂಬ ಊರಿನಲ್ಲಿ. ಓದಲೆಂದು ಬಂದ ನಾನು ಎರಡು ವರ್ಷ ಅವರ ಮನೆಯ ಮೇಲಿನ ಕೋಣೆಯಲ್ಲಿದ್ದೆ. ನಮ್ಮ ಬೀದಿಯ ಉಳಿದ ಅಂಕಲ್‌ಗಳು ಶನಿವಾರ ಹುಲ್ಲು ಕತ್ತರಿಸಿ, ಮಕ್ಕಳನ್ನು ಡಾನ್ಸ್ ಕ್ಲಾಸಿಗೆ ಬಿಟ್ಟು, ಮನೆ ಸಾಲದ ಬಡ್ಡಿ ಮಾತಾಡುತ್ತಿದ್ದರೆ ಮಾಮಾ ಗ್ಯಾರೇಜಿನಲ್ಲಿ ಬಿಲ್ಲು ಹಿಡಿದು ನಿಂತಿರುತ್ತಿದ್ದರು. ಈ ಚಟ ಹತ್ತಿಸಿದವರು ಅವರ ಆಫೀಸಿನಿಂದ ನಿವೃತ್ತರಾದ ಒಬ್ಬ ಅಮೆರಿಕನ್ ಅಜ್ಜ. ಹತ್ತಿರದ ಪಿಟ್ಸ್‌ಬರೊ ಊರಿನ ಆಚೆ ಅಜ್ಜನಿಗೆ ಕಾಡು ಸೇರಿದ ಹೊಲವಿತ್ತು. ಬಂದೂಕಿನಿಂದ ಯಾರು ಬೇಕಾದರೂ ಹೊಡೆದಾರು, ಬಿಲ್ಲಿನಿಂದ ಒಂದು ಟರ್ಕಿ ಹೊಡೆದು ತೋರಿಸು ಎಂದು ಅವರು ಮಾಮಾನನ್ನು ಕೆಣಕಿದ್ದರು. ಮಾಮಾ ಎರಡು ವಸಂತ ಕಾಡಿನಲ್ಲಿ ಕೂತು ಸೊಳ್ಳೆಗಳಿಗೆ ಊಟ ಹಾಕಿ ಬಂದದ್ದಾಯಿತು. ಮೂರನೆಯ ವರ್ಷ ಹೊಡೆದೇ ತೀರುವುದೆಂದು ನಿಶ್ಚಯಿಸಿದ್ದಾಗ, ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ವಾಲಿಬಾಲಿಗೆಂದು ಹಾರಿ, ಚೆಂಡು ಬಿಟ್ಟು ನೆಲ ಹಿಡಿದರು. ಬಲ ಭುಜಕ್ಕೆ ಆಪರೇಷನ್ ಆಯಿತು.

ಈ ಕಾಲದ ಬಿಲ್ಲಿಗೆ ಎರಡು ತುದಿಯಲ್ಲೂ ಗಾಲಿಗಳಿರುತ್ತವೆ. ಹೆದೆ ಎಳೆಯಲು ಎಷ್ಟು ಬಲ ಬೇಕೆಂಬುದನ್ನು ಮೇಲೊಂದು ಕೆಳಗೊಂದು ಇರುವ ಬೋಲ್ಟ್ ತಿರುಗಿಸಿ ಏರಿಸಬಹುದು, ಇಳಿಸಬಹುದು. ಮಾಮಾನ ಬಿಲ್ಲು ಅರವತ್ತು ಪೌಂಡಿಗೆ ನಿಂತಿತ್ತು. ಮಾಮಾನ ಭುಜ ಐವತ್ತಕ್ಕೇ ಕೈ ಮುಗಿಯುತ್ತಿತ್ತು. ಬೋಲ್ಟ್ ಸಡಿಲಿಸು ಎಂದು ಫಿಸಿಯೋಥೆರಪಿಸ್ಟ್ ಹೇಳಿದಳು, ಅಜ್ಜ ಹೇಳಿದರು, ಬಿಲ್ಲಿನ ಅಂಗಡಿಯ ಹುಡುಗ ಉಚಿತವಾಗಿ ಸಡಿಲಿಸಿ ಕೊಡುತ್ತೇನೆಂದು ಕೈ ಚಾಚಿದ. ಮಾಮಾ ಬಿಲ್ಲನ್ನು ಎದೆಗವಚಿಕೊಂಡು, ತೊಂದರೆ ಇರುವುದು ಮೊನೆಯಲ್ಲಿ ಎಂದು ಹೇಳಿ ಹೊಸ ಮೊನೆಗಳ ಪ್ಯಾಕೆಟ್ ಕೊಂಡು ಬಂದರು. ಅದು ಮೂರನೆಯ ಬಗೆ.

ಮೊನೆಯಲ್ಲಿ ಎರಡು ಜಾತಿ. ಒಂದು ಬ್ಲೇಡುಗಳು ಅಲುಗಾಡದ, ಸೀದಾಸಾದಾ ಮೊನೆ. ಇನ್ನೊಂದರ ಬ್ಲೇಡುಗಳು ಮಡಿಚಿಕೊಂಡಿದ್ದು, ತಗುಲಿದ ಕೂಡಲೇ ಕೊಡೆಯಂತೆ ಬಿಚ್ಚಿಕೊಳ್ಳುತ್ತವೆ. ಟರ್ಕಿಗೆ ಅಗಲವಾದ ಗಾಯವೇ ಬೇಕು, ಇಲ್ಲವಾದರೆ ಬಾಣ ತೂರಿ ಹೋದರೂ ಹಕ್ಕಿ ಹಾರಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಹಾಗಾಗಿ ಬಿಚ್ಚುವ ಮೊನೆಯೇ ಸರಿ ಎಂದು ಮಾಮಾ ವಾದಿಸುತ್ತಿದ್ದರು. ಆದರೆ ಅದು ಬಿಚ್ಚಲು ಬಲ ಬೇಕು, ಆದ್ದರಿಂದ ಬೋಲ್ಟ್ ಇಳಿಸುವ ಹಾಗಿಲ್ಲ. ಸರಿ, ಬಿಚ್ಚದ ಮೊನೆ ಹಾಕಿ ಇಳಿಸಿ ಎಂದರೆ, ಅದರ ಗಾಯ ಕಿರಿದು, ಹಕ್ಕಿ ಹಾರಿಹೋಗುತ್ತದಲ್ಲ? ಯಾವ ಬಾಗಿಲಿನಿಂದ ಒಳಗೆ ಹೋದರೂ ಅರವತ್ತು ಪೌಂಡಿನ ಹಜಾರಕ್ಕೇ ಬಂದು ನಿಲ್ಲುವ ಹಾಗೆ ಮಾಮಾ ತರ್ಕದ ಮನೆ ಕಟ್ಟಿದ್ದರು.

ಯಾವ ಮೊನೆ ಎಷ್ಟು ಅಗಲ ಕತ್ತರಿಸುತ್ತದೆ ಎಂದು ನೋಡಲು ಬೇರೆಯವರು ರಟ್ಟು ಬಳಸುತ್ತಾರೆ. ರಟ್ಟಿಗೆ ಚರ್ಮದ ಗುಣವಿಲ್ಲ ಎಂದು ಮಾಮಾ ಅತ್ತೆಯ ರೊಟ್ಟಿಯನ್ನು ಗುರಿಹಲಗೆಗೆ ಮೊಳೆ ಹೊಡೆದು ಸಿಕ್ಕಿಸಿದರು. ಕಡಕ್ ರೊಟ್ಟಿ ಚೂರುಚೂರಾಗಿ ಅಳತೆಗೆ ಸಿಗಲಿಲ್ಲ. ಆಗಷ್ಟೇ ಹಂಚಿನಿಂದ ಇಳಿದ ಮೆತ್ತಗಿನ ರೊಟ್ಟಿ ಮಾತ್ರ ಚೊಕ್ಕವಾಗಿ ಸೀಳುತ್ತಿತ್ತು. ನಾನು ಅಳತೆಪಟ್ಟಿ ಹಿಡಿದು ಸೀಳು ಅಳೆದು ಬರೆದುಕೊಳ್ಳುತ್ತಿದ್ದೆ. ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು ತೆರೆಯಿತು.

“ಮನ್ಯಾಗ ತಿನ್ನಾವ್ರು ಮೂರು ಮಂದಿ, ಹೊಡ್ಯಾವ್ರು ಒಬ್ರು,” ಎಂದರು ಅತ್ತೆ, ಹಿಟ್ಟಿನ ಕೈಯಲ್ಲೇ. “ನಾ ಯಾರ ಲೆಕ್ಕದಾಗ ಬಡೀಲಿ, ಅಷ್ಟು ಹೇಳ್ರಿ.”

ಮೊನೆಯ ತೂಕದ ಪ್ರಕರಣ ಇದಕ್ಕಿಂತ ಸೂಕ್ಷ್ಮ. ಅದನ್ನು ಗ್ರೇನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅತ್ತೆಗೆ ತಿಳಿಯಲೆಂದು ಮಾಮಾ ಅದನ್ನು ಅಕ್ಕಸಾಲಿಗರ ಗುಂಜಿಗೆ ಪರಿವರ್ತಿಸಿದರು: ನೂರು ಗ್ರೇನ್ ಎಂದರೆ ಹೆಚ್ಚುಕಡಿಮೆ ಐವತ್ತು ಗುಂಜಿ. ಇದು ಅವರು ಆ ವರ್ಷ ಮಾಡಿದ ಅತಿ ದೊಡ್ಡ ತಪ್ಪು. ಅತ್ತೆ ಕಣ್ಣು ಮುಚ್ಚಿ ಅಲ್ಲಿಯವರೆಗಿನ ಮೊನೆಗಳನ್ನೆಲ್ಲ ಬಂಗಾರವೆಂದು ಎಣಿಸಿ ನೋಡಿ, ತಮ್ಮ ಖಾಲಿ ಕೊರಳನ್ನೊಮ್ಮೆ ಮುಟ್ಟಿಕೊಂಡರು. ಆ ಸಂಜೆ ನಮಗೆ ಉಪ್ಪಿಟ್ಟು.

ಮೊನೆಗಳನ್ನು ಎಲ್ಲಿಡುವುದು? ಏಳು ಬಟ್ಟಲುಗಳ ಸ್ಟೀಲಿನ ಮಸಾಲೆ ಡಬ್ಬಿಗಿಂತ ಪ್ರಶಸ್ತ ಜಾಗ ಯಾವುದಿದೆ! ಒಂದು ಭಾನುವಾರ ಹೊಸದಾಗಿ ಮದುವೆಯಾದ ಬೆಂಗಳೂರಿನ ದಂಪತಿ ಊಟಕ್ಕೆ ಬಂದಿದ್ದಾಗ ಅತ್ತೆ ಒಗ್ಗರಣೆಗೆಂದು ಡಬ್ಬಿ ತೆಗೆದರು. ಸಾಸಿವೆ, ಜೀರಿಗೆ ಗ್ಯಾರೇಜಿಗೆ ವರ್ಗವಾಗಿದ್ದವು. ಬಟ್ಟಲಿಗೊಂದು ಬಗೆಯಂತೆ ಆರರಲ್ಲಿ ಉಕ್ಕಿನ ಮೊನೆಗಳು ಮಿನುಗುತ್ತಿದ್ದವು; ಏಳನೆಯ ಬಟ್ಟಲು ಖಾಲಿ ಕಾದಿತ್ತು. ಬಂದಿದ್ದ ಹುಡುಗಿ ಕತ್ತು ಚಾಚಿ ನೋಡಿ, “ಆಂಟಿ, ಇದು ಮರಾಠಿ ಮೊಗ್ಗು ಥರ ಇದೆಯಲ್ಲ? ನಾವು ಇದನ್ನ ಯಾವತ್ತೂ ಯೂಸ್ ಮಾಡಿಲ್ಲ,” ಎಂದಳು.

“ನಾವೂ ಇನ್ನೂ ಮಾಡಿಲ್ಲವ್ವಾ,” ಎಂದರು ಅತ್ತೆ.

ಇಷ್ಟೆಲ್ಲದರ ನಡುವೆ ಭುಜ ಏನು ಮಾಡುತ್ತಿತ್ತು? ಬಿಸಿನೀರಿನ ಚೀಲ ಇಟ್ಟು ಕಾಯಿಸಿದರೆ ಎರಡು ಬಾಣಕ್ಕೆ ಒಪ್ಪುತ್ತಿತ್ತು. ಅದೂ ನೇರವಾಗಿ ಎಳೆಯಲು ಬಾರದು. ಬಿಲ್ಲನ್ನು ಮೊದಲು ಆಕಾಶಕ್ಕೆತ್ತಿ, ಇಡೀ ಮೈಭಾರ ಹಾಕಿ ಎಳೆದು, ಕೆಂಪು ಮುಖದಲ್ಲಿ ಗುರಿಗೆ ಇಳಿಸಬೇಕು. ಒಮ್ಮೆ ಇಳಿಸುವ ಮೊದಲೇ ಬಾಣ ಹಾರಿತು. ಗ್ಯಾರೇಜಿನ ಅಟ್ಟದ ಮೇಲೆ ಊರಿಗೆ ಒಯ್ಯಲೆಂದು ತುಂಬಿಟ್ಟಿದ್ದ ಸೂಟ್‌ಕೇಸಿನಲ್ಲಿ ಅದು ಗರಿಯವರೆಗೆ ಮುಳುಗಿತ್ತು. ನಾವು ಏಣಿ ಹತ್ತಿ ಬಿಚ್ಚಿ ನೋಡಿದೆವು. ಮಾಮಾನ ಮುಖ ಅರಳಿತು. ಸೂಟ್‌ಕೇಸಿನ ಮುಚ್ಚಳ, ಆರು ಟವೆಲ್ಲು, ಬಾದಾಮಿ ಪ್ಯಾಕೆಟ್ಟು, ಎಲ್ಲ ದಾಟಿದೆ, ಈ ಮೊನೆ ಭಾಳ ಛಲೋ ಎಂದು ನನ್ನಿಂದ ಬರೆಯಿಸಿದರು. ಬರೆದೆ. ಜೊತೆಗೆ, ಆ ರಾತ್ರಿ ಅವರು ಎಡಗೈಯಲ್ಲಿ ಊಟ ಮಾಡಿದ್ದನ್ನೂ ಬರೆದೆ.

ಅಜ್ಜ ಕೊನೆಗೆ ಫೋನಿನಲ್ಲೇ ಕಟ್ಟುನಿಟ್ಟಾಗಿ ಹೇಳಿಬಿಟ್ಟರು: ಕೂತಲ್ಲೇ, ನೇರವಾಗಿ, ಸದ್ದಿಲ್ಲದೆ ಹೆದೆ ಎಳೆಯಲು ಬರುವುದಾದರೆ ಮಾತ್ರ ಮುಂದಿನ ವರ್ಷವೂ ಬಾ; ಅರೆಬರೆ ಎಳೆದು ನನ್ನ ಹಕ್ಕಿಗಳನ್ನು ಗಾಯ ಮಾಡುವುದಾದರೆ ಬಿಲ್ಲು ಮಾರಿಬಿಡು. ಮಾಮಾ ಒಪ್ಪಿದರು. ಒಪ್ಪಿ, ಏಳನೆಯ ಮೊನೆ ತರಿಸಿದರು.

ಮೇ ತಿಂಗಳ ಮೊದಲ ಶನಿವಾರ, ಬೇಟೆಯ ಕಾಲ ಮುಗಿಯುವ ದಿನ, ಅತ್ತೆಯ ಅಪ್ಪಣೆಯಂತೆ ಕಾವಲಿಗೆ ನಾನೂ ಹೋದೆ. ಬೆಳಕು ಹರಿಯುವ ಹೊತ್ತಿಗೆ ಹೊಲದಂಚಿನಲ್ಲಿ ಎಲೆಬಣ್ಣದ ಸಣ್ಣ ಗುಡಾರದೊಳಗೆ ಕೂತೆವು. ಮಾಮಾ ಮರದ ಪೆಟ್ಟಿಗೆಯ ಮುಚ್ಚಳ ಉಜ್ಜಿ ಹೆಣ್ಣು ಟರ್ಕಿಯ ದನಿ ಹೊರಡಿಸಿದರು. ಎಷ್ಟೋ ಹೊತ್ತಿನ ಮೇಲೆ ಕಾಡಿನಿಂದ ಉತ್ತರ ಬಂತು. ಆಮೇಲೆ ಉತ್ತರ ಕೊಟ್ಟವನೇ ಬಂದ. ಬಾಲ ಬಿಚ್ಚಿಕೊಂಡು, ಕೆಂಪು ನೀಲಿ ಕತ್ತು ಕೊಂಕಿಸಿಕೊಂಡು, ಮದುವೆಗೆ ತಡವಾಗಿ ಬಂದ ಬೀಗರ ಗತ್ತಿನಲ್ಲಿ ಹೆಜ್ಜೆ ಇಡುತ್ತಾ ನಮ್ಮೆದುರಿಗೆ, ಹತ್ತು ಹೆಜ್ಜೆ ದೂರಕ್ಕೆ ಬಂದು ನಿಂತ.

ಮಾಮಾ ಹೆದೆ ಎಳೆದರು. ಅರ್ಧ ಬಂತು. ಅಲ್ಲಿಗೇ ನಿಂತಿತು. ಅಭ್ಯಾಸಬಲದಿಂದ ಬಿಲ್ಲು ಮೇಲಕ್ಕೆದ್ದು, ತುದಿ ಗುಡಾರದ ಬಟ್ಟೆಗೆ ಬಡಿಯಿತು. ಟರ್ಕಿ ಗಕ್ಕನೆ ಕತ್ತೆತ್ತಿ, ಒಂದೇ ಒಂದು ಸಲ ಕೊಕ್ಕಿನಲ್ಲಿ ಟಕ್ ಎಂದು, ಓಡಿಹೋಯಿತು.

ಮಾಮಾ ಹೆದೆ ಸಡಿಲ ಬಿಟ್ಟು, ಬಾಣ ತೆಗೆದು, ಮೊನೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಮೊನಿ ಬದಲ ಮಾಡಬೇಕು,” ಎಂದರು ಮಾಮಾ.

ನಗಬೇಕೆಂದು ತಿರುಗಿದೆ. ಎಡಗೈಯಲ್ಲಿ ಬಲ ಭುಜವನ್ನು, ಅಳುವ ಕೂಸನ್ನು ಹಿಡಿದ ಹಾಗೆ ಹಿಡಿದು ಕೂತಿದ್ದರು. ನಗು ಬರಲಿಲ್ಲ.

ಕಾರಿನ ಹತ್ತಿರ ಬಂದೆವು. ಮಾಮಾ ಹಿಂಬಾಗಿಲು ತೆರೆದು ಅಲ್ಲೇ ಕೂತು, ಅಂಗಿಯ ಒಳಜೇಬಿನಿಂದ ಬೋಲ್ಟ್ ತಿರುಗಿಸುವ ಸಣ್ಣ ಕೀ ತೆಗೆದರು. ಅದು ಅಲ್ಲಿ ಎಂದಿನಿಂದ ಇತ್ತೋ, ನನ್ನ ಡೈರಿಗೆ ಗೊತ್ತಿಲ್ಲ. ಬಿಲ್ಲನ್ನೂ ಕೀಯನ್ನೂ ಪಕ್ಕದಲ್ಲಿ ಕೂತಿದ್ದ ನನ್ನ ತೊಡೆಯ ಮೇಲಿಟ್ಟರು.

“ನೀನ ತಿರಗಸವಾ. ನಾ ಆಕಡೆ ನೋಡ್ತಿರ್ತೀನಿ.”

ಪೈನ್ ಮರಗಳ ಕಡೆ ಮುಖ ಮಾಡಿ ನಿಂತರು. ನಾನು ಮೇಲೊಂದು ಸುತ್ತು, ಕೆಳಗೊಂದು ಸುತ್ತು ಸಡಿಲಿಸಿದೆ. ಮತ್ತೊಂದು. ಎಷ್ಟಾಯಿತು ಎಂದು ಕೇಳಿದರು, ಎರಡು ಎಂದೆ. ಬಾಣ ಹೂಡಿ ಮಣ್ಣಿನ ದಿಬ್ಬದ ಕಡೆ ಎಳೆದು ನೋಡಿದರು. ಮುಕ್ಕಾಲು ಬಂದು ನಿಂತಿತು. ಬಿಲ್ಲು ನನ್ನ ಕೈಗೆ ಕೊಟ್ಟು, ಮತ್ತೆ ಮರಗಳ ಕಡೆ ತಿರುಗಿದರು.

ಮೂರನೆಯ ಸುತ್ತಿನ ಮೇಲೆ ಹೆದೆ ನೇರವಾಗಿ, ಸದ್ದಿಲ್ಲದೆ, ಕೆನ್ನೆಯವರೆಗೆ ಬಂತು. ಮಾಮಾ ಆಕಾಶ ನೋಡಲಿಲ್ಲ. ಹಾಗೇ ಹಿಡಿದು ನಿಂತರು, ನಾನು ಉಸಿರು ಬಿಗಿ ಹಿಡಿದು ಸಾಕಾಗುವಷ್ಟು ಹೊತ್ತು. ಆಮೇಲೆ ಮೆಲ್ಲಗೆ ಇಳಿಸಿ, ಬಾಣ ತೆಗೆದು, ಬಿಲ್ಲನ್ನು ಮತ್ತೆ ನನ್ನ ಕಡೆ ಚಾಚಿದರು. ಈ ಸಲ ಮುಖ ತಿರುಗಿಸಲಿಲ್ಲ.

“ಇನ್ನೊಂದು ಸುತ್ತ ಇಳಸು,” ಎಂದರು. “ಮುಂದಿನ ವರ್ಷ ಕೂತ ಎಳೀಬೇಕಲ್ಲಾ, ಬೇಕಾಗ್ತದ.”