ಹೆಂಡತಿಯ ಹೋಂ ಲೋನು ಮತ್ತು ಓಣಿಯ ಮಾಸ್ತರು

ಬೇರೆಯವರಿಗೆ ಅಂಕ ಕೊಟ್ಟು ಹೊಟ್ಟೆ ಹೊರೆಯುವವರಿಗೆ ಒಂದು ಬಗೆಯ ಜಂಬ ಇರುತ್ತದೆ. ತಮಗೂ ಯಾರೋ ಎಲ್ಲೋ ಕುಳಿತು ಅಂಕ ಹಾಕುತ್ತಿರಬಹುದು ಎಂಬ ಅನುಮಾನವೇ ಅವರಿಗೆ ಬರುವುದಿಲ್ಲ. ನನಗಂತೂ ಬಂದಿರಲಿಲ್ಲ. ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ಸರಳ ಬಡ್ಡಿ, ಚಕ್ರಬಡ್ಡಿಗಳನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸುವಾಗ ನನ್ನಷ್ಟು ಜಾಣ ಇಡೀ ತಾಲ್ಲೂಕಿನಲ್ಲಿ ಇಲ್ಲ ಎಂದೇ ತಿಳಿದುಕೊಂಡಿದ್ದೆ. ಸ್ವಂತ ಮನೆ ಕೊಳ್ಳೋಣವೆಂದು ಹೆಂಡತಿಯನ್ನು ಕರೆದುಕೊಂಡು ರಾಯಚೂರಿನ ಬ್ಯಾಂಕಿಗೆ ಹೋದ ದಿನ ಅಲ್ಲಿನ ಮ್ಯಾನೇಜರು ಕಂಪ್ಯೂಟರಿನಲ್ಲಿ ನನ್ನ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ನಡತೆಗೆ ಸಿಗುವ ಅಂಕ, ತೆಗೆದು ನೋಡಿದರು. ನೋಡಿ, ಫೇಲಾದ ಹುಡುಗನ ಅಪ್ಪನ ಮುಂದೆ ನಾನು ಮಾಡುವ ಮುಖವನ್ನೇ ಮಾಡಿದರು. ಅಂಥ ಮುಖ ಮಾಡಲು ನನಗೊಬ್ಬನಿಗೇ ಬರುತ್ತದೆ ಎಂದುಕೊಂಡಿದ್ದೆ.

"ಸರ್, ನಿಮ್ಮ ಹೆಸರಿನ್ಯಾಗ ಇಷ್ಟು ಸಾಲ ಹೆಂಗ ಬಂದ್ವು?" ಎಂದರು. ಹೇಗೆ ಹೇಳುವುದು? ನಮ್ಮ ಬಳಗದಲ್ಲಿ ತಿಂಗಳಿಗೆ ಸರಿಯಾಗಿ ಪಗಾರ ಬರುವವನು ನಾನೊಬ್ಬನೇ. ಪಗಾರ ನನ್ನದಾದರೂ ಪಗಾರ ಚೀಟಿ ಮಾತ್ರ ಬಳಗದ ಸೊತ್ತು. ಹಿರೇಕೊಟ್ನೆಕಲ್ಲಿನ ಚಿಕ್ಕಪ್ಪನ ಮಗನಿಗೆ ಬೈಕು ಬೇಕಾದಾಗ ಸಾಲ ನನ್ನ ಹೆಸರಿನಲ್ಲಿ. ಸಿರವಾರದ ಸೋದರತ್ತೆಗೆ ಫ್ರಿಜ್ಜು ಬೇಕಾದಾಗ ಕಂತು ನನ್ನ ಹೆಸರಿನಲ್ಲಿ. ಜೊತೆಗೆ ಕೆಲಸ ಮಾಡುವ ಡ್ರಾಯಿಂಗ್ ಮಾಸ್ತರು ಮಗಳ ಮದುವೆಗೆಂದು ತೆಗೆದ ಸಾಲಕ್ಕೆ ಜಾಮೀನೂ ನಾನೇ. ಎಲ್ಲರೂ ಹೇಳಿದ್ದು ಒಂದೇ ಮಾತು: "ನಿನ್ನದೊಂದು ಸಹಿ ಸಾಕು, ಕಂತು ನಾವು ಕಟ್ಟಿಕೋತೀವಿ." ಕೆಲವು ತಿಂಗಳು ಕಟ್ಟಿದರು ಕೂಡ. ಆಮೇಲೆ ಬೈಕು ಕಾಲುವೆಯ ದಂಡೆಯ ಮೇಲೆ ಓಡುತ್ತಲೇ ಇತ್ತು, ಫ್ರಿಜ್ಜು ನೀರು ತಣ್ಣಗೆ ಮಾಡುತ್ತಲೇ ಇತ್ತು, ಕಂತು ಮಾತ್ರ ನಿಂತಿತು. ಆ ಬೈಕಿನ ಹಿಂದಿನ ಸೀಟಿನ ಮೇಲೂ ನಾನು ಕುಳಿತವನಲ್ಲ. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತಬಾರದು ಎಂದು ನಿಯಮ ಮಾಡಿಕೊಂಡೆ. ಹಾಗೆ ಎತ್ತದೆ ಇದ್ದರೆ ಸಾಲ ತಾನಾಗಿ ಬೇಸತ್ತು ಹೋಗುತ್ತದೆ ಎಂದು ಒಬ್ಬ ಗಣಿತದ ಮಾಸ್ತರ ಹೇಗೆ ನಂಬಿದ ಎಂದು ಕೇಳಬೇಡಿ. ನಂಬಿದ್ದೆ.

ನನ್ನ ಹೆಂಡತಿ ಗಿರಿಜಾ ದೇವದುರ್ಗದ ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ಆಕೆ ದೇವದುರ್ಗದ ಬಸ್ಸು ಹಿಡಿದರೆ ನಾನು ಮಾನ್ವಿಯ ಬಸ್ಸು ಹಿಡಿಯುತ್ತೇನೆ. ಸಂಜೆ ಇಬ್ಬರೂ ರಾಯಚೂರಿನ ಬಾಡಿಗೆ ಮನೆಗೆ, ಮಕ್ಕಳ ಬಳಿಗೆ ಮರಳಿ, ಒಬ್ಬರ ಮುಖದ ಧೂಳನ್ನು ಇನ್ನೊಬ್ಬರು ನೋಡಿಕೊಂಡು ಚಹಾ ಕುಡಿಯುತ್ತೇವೆ. ಆಕೆ ಒಂದೆರಡು ಸಲ ಬಂಗಾರ ಒತ್ತೆಯಿಟ್ಟು ಸಾಲ ತೆಗೆದು ಗಡುವಿಗೆ ಮೊದಲೇ ತೀರಿಸಿದವಳು. ಮ್ಯಾನೇಜರು ಆಕೆಯ ಸ್ಕೋರ್ ನೋಡಿದ್ದೇ ತಡ, ತಮ್ಮ ಕುರ್ಚಿಯನ್ನು ಆಕೆಯ ಕಡೆ ತಿರುಗಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಲೇ ಇಲ್ಲ. "ಅಮ್ಮಾರ, ಸಾಲ ನಿಮ್ಮ ಒಬ್ಬರ ಹೆಸರಿಗೇ ಮಾಡೋಣ, ಮನಿನೂ ನಿಮ್ಮ ಹೆಸರಿಗೇ ಇರಲಿ. ಯಜಮಾನ್ರದು ಎಲ್ಲೂ ಬರೋದು ಬ್ಯಾಡ" ಎಂದರು. ಚಿಕನ್‌ಪಾಕ್ಸ್ ಬಂದವನನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಎಂದು ಹೇಳಿದ ಹಾಗಿತ್ತು.

ಕೋಪ ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಕೊಳ್ಳಬೇಕೆಂದಿದ್ದ ಮನೆಯನ್ನು ನೋಡಲು ಹೋದ ದಿನ ಗಿರಿಜಾ ಏನು ಮಾಡಿದಳೆಂದು ನಾನು ಕಂಡಿದ್ದೆ. ಮಾನ್ವಿ ರಸ್ತೆಯ ಬದಿಯ ಬಡಾವಣೆಯಲ್ಲಿ ಎರಡು ಕೋಣೆಯ ಸಣ್ಣ ಮನೆ. ಈವರೆಗೆ ನಾವು ಇದ್ದ ಬಾಡಿಗೆ ಮನೆಗಳಲ್ಲೆಲ್ಲ ಅಡುಗೆಮನೆ ಎಂದರೆ ಕಿಟಕಿ ಇಲ್ಲದ ಒಂದು ಮೂಲೆ. ನಮ್ಮ ಬೇಸಿಗೆಯಲ್ಲಿ ಅಂಥ ಮೂಲೆಯೊಳಗೆ ರೊಟ್ಟಿ ಬಡಿಯುವುದೆಂದರೆ ಏನೆಂದು ಬಡಿದವರಿಗೇ ಗೊತ್ತು. ಈ ಮನೆಯ ಅಡುಗೆಮನೆಗೆ ದೊಡ್ಡ ಕಿಟಕಿ ಇತ್ತು. ಆಕೆ ಅದನ್ನು ತೆರೆದು ಗಾಳಿಗೆ ಮುಖ ಕೊಟ್ಟು ನಿಂತುಬಿಟ್ಟಳು. ಈ ಮನೆ ಆಕೆಗೆ ಸಿಗಲೇಬೇಕು ಎಂದು ನನಗೆ ಅನ್ನಿಸಿದ್ದು ಆಗ. ಆದರೆ ಸಿರವಾರದ ಅಕ್ಕಿ ವ್ಯಾಪಾರಿಯೊಬ್ಬರು ಅದೇ ಮನೆಗೆ ನಗದು ಹಿಡಿದುಕೊಂಡು ನಿಂತಿದ್ದರು. "ಈ ತಿಂಗಳ ತನಕ ನಿಮ್ಮ ದಾರಿ ಕಾಯ್ತೀನ್ರಿ" ಎಂದು ಮಾರುವವರು ಖಡಾಖಂಡಿತವಾಗಿ ಹೇಳಿದ್ದರು. ಅಷ್ಟರೊಳಗೆ ಸಾಲ ಮಂಜೂರಾಗದಿದ್ದರೆ ಕಿಟಕಿ ಅಕ್ಕಿ ವ್ಯಾಪಾರಿಯ ಪಾಲು.

ಬ್ಯಾಂಕಿನವರು ವಿಚಾರಣೆಗೆ ಮನೆಗೆ ಬರುವ ದಿನ ಗೊತ್ತಾಯಿತು. ರಜೆಯ ದಿನ. ಗಿರಿಜಾ ಬೆಳಿಗ್ಗೆಯೇ ನನ್ನ ಅಂಗಿ ತಂದು ಕೈಗೆ ಕೊಟ್ಟಳು. "ಅವರು ಬಂದು ಹೋಗೋ ತನಕ ಹೊರಗ ಇರ್ರಿ. ನಿಮ್ಮನ್ನ ಮಾತಾಡಿಸಿದ್ರ ಬೈಕಿನ ಕತಿ, ಫ್ರಿಜ್ಜಿನ ಕತಿ ಎಲ್ಲಾ ಶುರು ಮಾಡ್ತೀರಿ. ಮತ್ತ ಹೊರಗ ಯಾರರ ಕಾಗದ ಕೊಟ್ರ ಸಹಿ ಮಾಡಬ್ಯಾಡ್ರಿ." ನಾನು ಸುಮ್ಮನೆ ಹೋಗಿ ಓಣಿಯ ಮೂಲೆಯ ಖಾಜಾಸಾಬರ ಚಹಾದ ಅಂಗಡಿಯಲ್ಲಿ ಕುಳಿತೆ. ಖಾಜಾಸಾಬರಿಗೆ ನಮ್ಮ ಮನೆಯ ಸಮಾಚಾರ ನನಗಿಂತ ಮೊದಲೇ ಗೊತ್ತಿರುತ್ತದೆ. "ಹೊರಗ ಹಾಕ್ಯಾರೇನು ಮಾಸ್ತರ?" ಎಂದು ನಕ್ಕು, ಕೇಳದೆಯೇ ಚಹಾ ಕೊಟ್ಟರು.

ಸ್ವಲ್ಪ ಹೊತ್ತಿಗೆ ಹೆಲ್ಮೆಟ್ಟು ಕೈಯಲ್ಲಿ ಹಿಡಿದ, ಹೆಗಲಿಗೆ ಬ್ಯಾಗು ಹಾಕಿದ ನಡುವಯಸ್ಸಿನ ಒಬ್ಬರು ಬಂದು ಚಹಾ ಹೇಳಿದರು. ಬೆವರು ಒರೆಸಿಕೊಂಡು, "ಇಲ್ಲಿ ಗಿರಿಜಾ ಸಿಸ್ಟರ್ ಅಂತ ಅದಾರಂತಲ್ರೀ, ದೇವದುರ್ಗಕ್ಕ ಡ್ಯೂಟಿಗೆ ಹೋಗೋರು. ಹೆಂಗ್ರೀ ಆ ಮಂದಿ?" ಎಂದು ಖಾಜಾಸಾಬರನ್ನು ಕೇಳಿದರು. ಸಾಲ ಕೇಳಿದವರ ಬಗ್ಗೆ ನೆರೆಹೊರೆಯಲ್ಲಿ ವಿಚಾರಿಸುವುದೂ ಬ್ಯಾಂಕಿನವರ ಕೆಲಸವೇ ಎಂದು ನನಗೆ ಹೊಳೆದದ್ದು ಆಗ. ಖಾಜಾಸಾಬರು ನನ್ನ ಮುಖ ನೋಡಿದರು. ಅವರ ಗಡ್ಡದೊಳಗೆ ಏನೋ ಅಲುಗಾಡಿತು. "ನನ್ನೇನು ಕೇಳ್ತೀರಿ ಸಾಬ್, ಈ ಮಾಸ್ತರನ್ನ ಕೇಳ್ರಿ. ಆ ಮನಿ ಒಳಗಿಂದು ಹೊರಗಿಂದು ಎಲ್ಲಾ ಇವರಿಗೇ ಗೊತ್ತದ" ಎಂದು ಹೇಳಿ ಸ್ಟೋವಿನ ಕಡೆ ತಿರುಗಿದರು.

ನಾನೇ ಅವರ ಗಂಡ ಎಂದು ಹೇಳಿಬಿಡಬೇಕಿತ್ತು. ಆದರೆ ಹೆಂಡತಿಯ ಕಟ್ಟಪ್ಪಣೆ ನಾಲಿಗೆಯನ್ನು ಹಿಡಿದಿತ್ತು. ಅಲ್ಲದೆ ಕೇಳದ ಪ್ರಶ್ನೆಗೆ ಉತ್ತರ ಬರೆಯಬಾರದು ಎಂದು ಮಕ್ಕಳಿಗೆ ಹೇಳಿಕೊಡುವವನೂ ನಾನೇ.

"ಎಷ್ಟು ದಿವಸದಿಂದ ಬಲ್ಲಿರಿ ಸರ್ ಅವರನ್ನ?"

"ಇಪ್ಪತ್ತು ವರ್ಷದ ಮ್ಯಾಲಾತ್ರಿ."

"ಹೆಂಗ ಆ ಅಮ್ಮಾರು?"

ಅಷ್ಟು ಸಾಕಾಯಿತು. ನಾನು ಹೇಳುತ್ತಾ ಹೋದೆ. "ಬಂಗಾರದಂಥಾ ಹೆಣ್ಮಗಳ್ರೀ. ಬಸ್ಸಿನ್ಯಾಗ ನಿಂತು ಹೋಗಿ ನಿಂತು ಬಂದ್ರೂ ಮನಿಗೆ ಬಂದು ಮಕ್ಕಳ ಪಾಠ ಕೇಳ್ತಾಳ. ಓಣಿಯಾಗ ಯಾರಿಗಿ ಜ್ವರ ಬಂದ್ರೂ ನಮ್ಮ ಬಾಗಿಲಾ... ಆಕಿ ಬಾಗಿಲಾ ಬಡೀತಾರ, ಎಂದೂ ಒಲ್ಲೆ ಅಂದಿಲ್ಲ. ಮಂದಿ ಪೈಸಾ ಆಕಿಗೆ ಬ್ಯಾಡ. ಸಿಟ್ಟು ಬರ್ತದ, ಖರೆ. ಆದ್ರ ಸುಮ್ಮಸುಮ್ಮನ ಬರಂಗಿಲ್ಲ." ಇಷ್ಟು ಹೇಳಿ ಉಳಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದೆ.

"ಮತ್ತ ಅವರ ಯಜಮಾನ್ರು?"

"ಅಂವಾ ಕೆಟ್ಟಾಂವ ಅಲ್ರಿ. ಬುದ್ಧಿ ಸ್ವಲ್ಪ ಕಡಿಮಿ."

"ಕುಡಿಯೋದು, ಇಸ್ಪೀಟು ಆಡೋದು, ಏನರ ಚಟ?"

"ಅವು ಯಾವೂ ಇಲ್ರಿ. ಸಹಿ ಮಾಡೋ ಚಟ ಅದ."

ಖಾಜಾಸಾಬರ ಕೈಯಲ್ಲಿದ್ದ ಚಹಾ ಸೋಸುವ ಸಾಣಿಗೆ ಪಾತ್ರೆಯೊಳಗೆ ಬಿತ್ತು. ಆ ಸಾಹೇಬರು ಮಾತ್ರ ಗಂಭೀರವಾಗಿ ತಲೆಯಾಡಿಸಿ, "ಹಂಗಾರ ಅವರನ್ನ ಈ ಸಾಲದಿಂದ ದೂರ ಇಟ್ಟಿದ್ದು ಚಲೋ ಆತು" ಎಂದು, ನನ್ನ ಚಹಾದ ರೊಕ್ಕವನ್ನೂ ತಾವೇ ಕೊಟ್ಟು ನಮ್ಮ ಮನೆಯ ಕಡೆ ಹೊರಟರು. ಅವರು ನಮ್ಮ ಮನೆಯ ಬಾಗಿಲು ದಾಟಿದ ಮೇಲೆ ನನಗೆ ನೆನಪಾಯಿತು: ಮನೆಯೊಳಗೆ ಕಾಲಿಟ್ಟ ಕೂಡಲೇ ಎದುರಿಗೆ ಕಾಣುವ ಗೋಡೆಯ ಮೇಲೆ ನಮ್ಮ ಮದುವೆಯ ಫೋಟೊ ಇದೆ. ಅದರಲ್ಲಿ ನನಗೆ ತಲೆತುಂಬ ಕೂದಲಿದೆ ನಿಜ. ಆದರೆ ಮೂಗು ಇದೇ ಮೂಗು. ಮನೆ ಹೋಯಿತು, ಕಿಟಕಿ ಹೋಯಿತು, ನನ್ನ ಬಾಯಿಂದಲೇ ಹೋಯಿತು ಎಂದುಕೊಂಡೆ. ಖಾಜಾಸಾಬರು ಇನ್ನೊಂದು ಚಹಾ ಕೊಟ್ಟರು.

ಸಾಹೇಬರ ಬೈಕು ಹೋದ ಸಪ್ಪಳ ಕೇಳಿದ ಮೇಲೆ ಮನೆಗೆ ಹೋದೆ. ಗಿರಿಜಾ ಸೊಪ್ಪು ಸೋಸುತ್ತಾ ಕುಳಿತಿದ್ದಳು. ತಲೆ ಎತ್ತಲಿಲ್ಲ. "ಓಣಿಯಾಗ ಯಾರೋ ಮಾಸ್ತರು ಸಿಕ್ಕಿದ್ರಂತ. ನನ್ನ ಭಾಳ ಹೊಗಳಿದ್ರಂತ" ಎಂದಳು. ನಾನು ಚಪ್ಪಲಿ ಬಿಡುವುದರಲ್ಲಿ ಮುಳುಗಿದೆ. "ಸಾಹೇಬರು ಆ ಫೋಟೊ ನೋಡಿದ್ರು. ಎಷ್ಟೋ ಹೊತ್ತು ನೋಡಿ, ಹೊಟ್ಟಿ ಹಿಡಕೊಂಡು ನಕ್ಕರು. 'ಅಮ್ಮಾರ, ಈ ಕೆಲಸಕ್ಕ ಬಂದಾಗಿಂದ ತಮ್ಮನ್ನ ತಾವು ಹೊಗಳಿಕೊಂಡೋರನ್ನೇ ನೋಡೀನಿ. ತನ್ನ ಮ್ಯಾಲ ತಾನೇ ಚಾಡಿ ಹೇಳಿದಾಂವನ್ನ ಇವತ್ತೇ ನೋಡಿದ್ದು. ಇದ್ದದ್ದು ಇದ್ದಂಗ ಬರೀತೀನಿ, ಕಾಳಜಿ ಮಾಡಬ್ಯಾಡ್ರಿ' ಅಂದು ಹೋದ್ರು."

ನಾನು ಉಸಿರು ಬಿಟ್ಟೆ. ಆಕೆ ಇನ್ನೂ ಮುಗಿಸಿರಲಿಲ್ಲ. "ಆ ಮಾಸ್ತರಿಗೆ ಹೇಳ್ರಿ, ಹೊಗಳಿದ್ದು ಮುಟ್ಟಿತು. ಇಷ್ಟು ವರ್ಷದಾಗ ನನ್ನ ಮುಂದ ಒಂದು ಮಾತು ಅಂದಿದ್ದಿಲ್ಲ, ಚಹಾದ ಅಂಗಡ್ಯಾಗರ ಅಂದ್ರಲ್ಲ." ಸೊಪ್ಪಿನ ಕಡ್ಡಿಯೊಂದನ್ನು ಬೇಕಿಲ್ಲದೆ ಎರಡು ತುಂಡು ಮಾಡಿದಳು. ಮರುಕ್ಷಣವೇ ದನಿ ಏರಿತು. "ಆದ್ರ ನನ್ನ ಗಂಡಗ ಬುದ್ಧಿ ಕಡಿಮಿ ಅಂತ ಓಣಿಯಾಗ ಕುಂತು ಹೇಳಾಕ ಅವರು ಯಾರು? ಅದನ್ನ ನಾನೊಬ್ಬಾಕಿನೇ ಹೇಳಬೇಕು."

ಸಾಲ ಮಂಜೂರಾಯಿತು. ಅಕ್ಕಿ ವ್ಯಾಪಾರಿ ಬೇರೆ ಕಿಟಕಿ ನೋಡಿಕೊಂಡರು. ನೋಂದಣಿ ಕಚೇರಿಯಲ್ಲಿ ನಾನು ಬೆಂಚಿನ ಮೇಲೆ ಚೀಲ ಕಾಯುತ್ತಾ ಕುಳಿತಿದ್ದೆ. ಬರಬೇಕಿದ್ದ ಸಾಕ್ಷಿಯೊಬ್ಬರು ಬರಲಿಲ್ಲ. "ನೀವರ ಬರ್ರಿ ಸರ್. ಈ ಅಮ್ಮಾರನ್ನ ಬಲ್ಲಿರೇನು?" ಎಂದು ಅಲ್ಲಿನ ಗುಮಾಸ್ತರು ಕೇಳಿದರು. "ಈಗೀಗ ಗೊತ್ತಾಗಾಕತ್ತಾರ್ರೀ" ಎಂದು ಹೋಗಿ ಪೆನ್ನು ತೆಗೆದುಕೊಂಡೆ. ಹಿಂದಿನಿಂದ ಗಿರಿಜಾಳ ದನಿ ಬಂತು: "ಪೂರಾ ಓದಿ ಸಹಿ ಮಾಡ್ರಿ."

ಓದಿದೆ. ಮನೆಯ ನಾಲ್ಕೂ ದಿಕ್ಕು, ಅಳತೆ, ರೊಕ್ಕದ ವಿವರ ಎಲ್ಲ ಓದಿದೆ. ಖರೀದಿ ಮಾಡುವವರ ಜಾಗದಲ್ಲಿ ನಮ್ಮ ಕಡೆಯ ಪದ್ಧತಿಯಂತೆ 'ಶ್ರೀಮತಿ ಗಿರಿಜಾ ಗಂಡ ಶರಣಬಸಪ್ಪ' ಎಂದು ಬರೆದಿತ್ತು. ನನ್ನ ಹೆಸರು ಕಾಗದದ ಮೇಲೆ ಯಾವ ಬಾಕಿಯೂ ಇಲ್ಲದೆ ಕುಳಿತದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ಕಣ್ಣು ಮಂಜಾಯಿತು. ಆ ಸಾಲನ್ನೇ ಇನ್ನೊಮ್ಮೆ ಓದಿದೆ, ಮತ್ತೊಮ್ಮೆ ಓದಿದೆ. "ಲಗೂ ಮಾಡ್ರಿ ಸರ್, ಹಿಂದ ಮಂದಿ ನಿಂತಾರ" ಎಂದರು ಗುಮಾಸ್ತರು. ಸಹಿ ಹಾಕಲು ನಾನು ತಡ ಮಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.