ನನ್ನ ಮೂಗೂ ಮಾವನ ವಿಸ್ಕಿಯೂ

ನನ್ನ ಮೂಗು ಸಾಮಾನ್ಯದ ಮೂಗಲ್ಲ. ಮೂವತ್ತೊಂದು ವರ್ಷ ಐರ್ಲೆಂಡಿನ ಆಂಟ್ರಿಮ್ ಕರಾವಳಿಯ ಹಳ್ಳಿಗಳಲ್ಲಿ ಟಪಾಲು ಹಂಚಿದವನು ನಾನು. ಯಾರ ಮನೆಯಲ್ಲಿ ಬ್ರೆಡ್ಡು ಬೇಯುತ್ತಿದೆ, ಯಾರ ಮನೆಯಲ್ಲಿ ಹಂದಿಮಾಂಸ ಸೀದಿದೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಡಬ್ಬಿ ಸೂಪು ಕುಡಿಯುತ್ತಿದ್ದಾರೆ ಎಂಬುದನ್ನು ಗೇಟಿನ ಬಳಿಯೇ ಹೇಳಬಲ್ಲೆ. ಇಂಥ ಮೂಗನ್ನು ಕೊಟ್ಟ ದೇವರು ಜೊತೆಗೆ ಟಾರ್ಕ್ವಿಲ್ ಎಂಬ ಮಾವನನ್ನೂ ಕೊಟ್ಟ. ನನಗೆ ಸೊಕ್ಕು ಹೆಚ್ಚದಿರಲಿ ಎಂದಿರಬೇಕು.

ಟಾರ್ಕ್ವಿಲ್ ಮಾವ ಸಮುದ್ರದಾಚೆಯ ಐಲಾ ದ್ವೀಪದವರು, ಅಪ್ಪಟ ಸ್ಕಾಟ್ಲೆಂಡಿನವರು. ಅಲ್ಲಿನ ಒಂದು ವಿಸ್ಕಿ ಭಟ್ಟಿಯಲ್ಲಿ ನಲವತ್ತು ವರ್ಷ ಓಕ್ ಮರದ ಪೀಪಾಯಿ ಮಾಡಿದವರು. ಈಗ ಎಂಬತ್ತೆರಡು. ಅವರ ಮಗಳು ಈಶ್ಬೆಲ್‌ಳನ್ನು ನಾನು ಕಟ್ಟಿಕೊಂಡು ಇಪ್ಪತ್ತಾರು ವರ್ಷವಾಯಿತು. ಅಂದಿನಿಂದ ನಾನು ಕೊಟ್ಟ ಐರಿಷ್ ವಿಸ್ಕಿಯನ್ನು ಅವರು ಒಂದು ಗುಟುಕು ಕುಡಿದು, ಗ್ಲಾಸು ಕೆಳಗಿಟ್ಟು, "ಮಕ್ಕಳಿಗೆ ನೆಗಡಿ ಆದಾಗ ಕೊಡಬಹುದು" ಎನ್ನುತ್ತಾರೆ. ನಾನು ಅವರ ಮನೆಗೆ ಹೋದಾಗ ಅವರ ಸ್ಕಾಚನ್ನು ಕುಡಿದು, "ಸುಟ್ಟ ಗುಡಿಸಲನ್ನ ನೀರಲ್ಲಿ ಅದ್ದಿದ ಹಾಗಿದೆ" ಎನ್ನುತ್ತೇನೆ. ಹೀಗೆ ಸಂಬಂಧ ಚೆನ್ನಾಗಿಯೇ ನಡೆದಿತ್ತು.

ಕೆಡಿಸಿದ್ದು ನನ್ನ ಮಗಳು ಬ್ರೋನಾಳ ಮದುವೆ. ಮದುವೆ ಊಟದಲ್ಲಿ ಹುಡುಗಿಯ ಅಪ್ಪ ಎದ್ದು ನಿಂತು, ಗ್ಲಾಸೆತ್ತಿ, ನಾಲ್ಕು ಮಾತಾಡಿ ಹರಸಬೇಕು. ನೂರಿಪ್ಪತ್ತು ಜನ ಜೊತೆಗೆ ಗ್ಲಾಸೆತ್ತುತ್ತಾರೆ. ಆ ಗ್ಲಾಸಿನೊಳಗೆ ಏನಿರಬೇಕು? ನಾನು ಐರಿಷ್ ಎಂದು ಎಂದೋ ತೀರ್ಮಾನಿಸಿದ್ದೆ. ಬುಧವಾರ ಹಡಗಿನಿಂದ ಇಳಿದ ಮಾವನ ಕಂಕುಳಲ್ಲಿ ಒಂದು ಸ್ಕಾಚ್ ಬಾಟಲಿ ಇತ್ತು, ಪೆಟ್ಟಿಗೆಯಲ್ಲಿ ಅಂಥವೇ ಇನ್ನೂ ಆರು. ಅವರದೇ ಭಟ್ಟಿಯದು, ಅವರದೇ ಕೈಯ ಪೀಪಾಯಿಯಲ್ಲಿ ಮಾಗಿದ್ದು.

ನಾನು ಅಂದೇ ಪಣ ತೊಟ್ಟೆ. ಮದುವೆಗೆ ಮುಂಚೆ ಈ ಮುದುಕನ ಬಾಯಿಂದ ಐರಿಷ್ ವಿಸ್ಕಿಯನ್ನು ಹೊಗಳಿಸದಿದ್ದರೆ ನನ್ನ ಹೆಸರು ಫಿಂಟನ್ ಅಲ್ಲ.

"ಮಾವ, ಒಂದು ಪಂದ್ಯ ಇಡೋಣ," ಎಂದೆ. "ನಾಲ್ಕು ಗ್ಲಾಸು. ಎರಡು ನಮ್ಮದು, ಎರಡು ನಿಮ್ಮದು. ಯಾವುದು ಯಾವುದು ಅಂತ ಈಶ್ಬೆಲ್‌ಗೆ ಮಾತ್ರ ಗೊತ್ತಿರುತ್ತೆ. ಇಬ್ರೂ ಸೇರಿ ಯಾವುದನ್ನ ಒಪ್ತೀವೋ ಅದೇ ಮದುವೆಗೆ."

ಮಾವ ನನ್ನ ಮುಖವನ್ನೊಮ್ಮೆ ನೋಡಿ, "ಆಯ್ತು" ಎಂದರು. ಅಷ್ಟು ಬೇಗ ಅವರು ಯಾವುದಕ್ಕೂ ಒಪ್ಪಿದ್ದೇ ಇಲ್ಲ. ಹೆದರಿದ್ದಾರೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

ಈಶ್ಬೆಲ್ ಹಿಗ್ಗಲಿಲ್ಲ. "ಮದುವೆಗೆ ಇನ್ನು ಮೂರೇ ದಿನ ಇದೆ. ಇನ್ನೂರು ಕೆಲಸ ಬಿದ್ದಿದೆ. ನೀವಿಬ್ರೂ ಕೂತು ಕುಡೀತೀವಿ ಅಂತೀರಾ?"

"ಕುಡಿಯೋದಲ್ಲ ಕಣೇ, ಪರೀಕ್ಷೆ."

"ಪರೀಕ್ಷೇನ ಅಡುಗೆಮನೇಲಿ ಮಾಡ್ಕೊಳ್ಳಿ."

ಇಂಥ ಐತಿಹಾಸಿಕ ಪರೀಕ್ಷೆಯನ್ನು ಅಡುಗೆಮನೆಯಲ್ಲಿ ಮಾಡುವುದುಂಟೆ? ನಮ್ಮ ಕಡೆ ಪ್ರತಿ ಮನೆಯಲ್ಲೂ ಒಂದು ‘ಒಳ್ಳೆ ಕೋಣೆ’ ಇರುತ್ತದೆ. ಪಾದ್ರಿಗಳು ಬಂದರೆ ಅಥವಾ ಮನೆಯಲ್ಲಿ ಹೆಣ ಮಲಗಿಸಿದರೆ ಮಾತ್ರ ಅದರ ಬಾಗಿಲು ತೆಗೆಯುವುದು. ನಮ್ಮನೆಯದನ್ನು ಕೊನೆಯ ಸಲ ತೆಗೆದದ್ದು ನನ್ನಮ್ಮ ತೀರಿಕೊಂಡಾಗ, ಮೂರು ವರ್ಷದ ಹಿಂದೆ. ಮಾವನ ಸೋಲು ಅಲ್ಲೇ ಆಗಬೇಕೆಂದು ನನಗೆ ಹಟ. ಕೋಣೆ ಥಂಡಿ ಹಿಡಿದಿತ್ತು. ಒಲೆಗೂಡಿನಲ್ಲಿ ಬೆಂಕಿ ಹಾಕಲು ಹೊರಟೆ.

"ಚಿಮಣಿ ಗುಡಿಸಿಲ್ಲ," ಎಂದಳು ಈಶ್ಬೆಲ್.

"ಮೂರು ವರ್ಷದಿಂದ ಉರಿಸೇ ಇಲ್ಲ. ಗುಡಿಸೋಕೆ ಅದ್ರಲ್ಲಿ ಏನಿರುತ್ತೆ?"

ಏನಿತ್ತು ಎಂದು ಆಮೇಲೆ ತಿಳಿಯಿತು. ಕಾಗೆಗಳಿದ್ದವು. ಮೂರು ವಸಂತಗಳಿಂದ ಅಡೆತಡೆಯಿಲ್ಲದೆ ಸಂಸಾರ ಮಾಡಿದ ಕಾಗೆಗಳು, ಚಿಮಣಿಯ ತುಂಬ ಕಡ್ಡಿ, ಕುರಿಯ ಉಣ್ಣೆ, ಯಾರದೋ ಕಾಲುಚೀಲ ಎಲ್ಲವನ್ನೂ ತುರುಕಿ ಮೂರಂತಸ್ತಿನ ಮನೆ ಕಟ್ಟಿಕೊಂಡಿದ್ದವು.

ನಾನು ಹಾಕಿದ್ದು ಕಟ್ಟಿಗೆಯಲ್ಲ, ಜೌಗುನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆ. ನಾವು ಅದನ್ನು ಉರಿಸಿ ಮೈ ಕಾಯಿಸಿಕೊಳ್ಳುತ್ತೇವೆ. ಮಾವನ ಊರಿನವರು ಅದೇ ಹೆಂಟೆಯ ಹೊಗೆಯಲ್ಲಿ ಬಾರ್ಲಿ ಒಣಗಿಸಿ ವಿಸ್ಕಿ ಮಾಡಿ, ಹೊಗೆಯನ್ನೇ ಕುಡಿಯುತ್ತಾರೆ. ಎರಡೂ ದೇಶಗಳ ನಡುವೆ ಇರುವ ಜಗಳ ಇಷ್ಟೇ.

ಈಶ್ಬೆಲ್ ನಾಲ್ಕು ಗ್ಲಾಸಿಗೂ ನಂಬರು ಅಂಟಿಸಿ, ತಟ್ಟೆಯಲ್ಲಿಟ್ಟು, ಚೀಟಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಹೋದಳು. ಐದು ನಿಮಿಷದಲ್ಲಿ ಮಾವನ ತಲೆ ಮಸುಕಾಯಿತು. ಹತ್ತು ನಿಮಿಷಕ್ಕೆ ಮಾವನೇ ಕಾಣದಾದರು.

"ಸ್ವಲ್ಪ ಹೊಗೆ ಬರ್ತಾ ಇದೆ ಅಲ್ವಾ ಮಾವ?" ಎಂದೆ.

"ಹೌದಾ?" ಎಂದಿತು ಹೊಗೆಯೊಳಗಿನ ಧ್ವನಿ.

ಕಿಟಕಿ ತೆರೆಯಲು ಹೋದೆ. ಮದುವೆಗೆಂದು ಕಿಟಕಿಗಳಿಗೆಲ್ಲ ಹೋದ ವಾರ ಬಣ್ಣ ಬಳಿದವನು ನಾನೇ. ಚೌಕಟ್ಟು ಬಾಗಿಲು ಎಂದು ನೋಡದೆ ಎರಡು ಕೋಟ್ ಬಳಿದಿದ್ದೆ. ಕಿಟಕಿ ಗೋಡೆಯ ಜೊತೆ ಒಂದಾಗಿ ಬಿಟ್ಟಿತ್ತು. ಹೊರಗೆ ಹೋಗೋಣವೆಂದರೆ, ಸ್ಕಾಟ್ಲೆಂಡಿನವರು ಕೂತಿರುವಾಗ ಐರ್ಲೆಂಡಿನವನು ಮೊದಲು ಏಳುವುದು ಹೇಗೆ? ಕೂತೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮೊದಲನೇ ಗ್ಲಾಸನ್ನು ಕೈಗೆತ್ತಿಕೊಂಡೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಈಶ್ಬೆಲ್ ಉಸಿರು ಬಿಗಿಹಿಡಿದು ನುಗ್ಗಿ, ಬಾಗಿಲ ಹಿಂದೆ ನೇತುಹಾಕಿದ್ದ ಮಗಳ ಮದುವೆಗೆಂದು ಕೊಂಡ ತನ್ನ ನೀಲಿ ಉಡುಪು, ಟೋಪಿ ಎರಡನ್ನೂ ಎದೆಗವಚಿಕೊಂಡು ಓಡಿದಳು. ಅವನ್ನು ಅಂಗಳದ ಹಗ್ಗಕ್ಕೆ ಹಾಕಿ ಬಂದ ಮೇಲೆ, ಹೊಸ್ತಿಲಲ್ಲಿ ನಿಂತು, "ನೀವಿಬ್ರೂ ಬದುಕಿದ್ದೀರಾ?" ಎಂದು ಕೇಳಿದಳು.

"ಮೊದಲ್ನೇದು ಸ್ಕಾಚ್," ಎಂದೆ ಕೆಮ್ಮುತ್ತ. "ಒರಟು. ಎರಡನೇದೂ ಸ್ಕಾಚೇ. ಅದರ ಅಣ್ಣ."

"ಫಿಂಟನ್, ಆಚೆ ಬಾ."

"ತಡಿ. ಮೂರನೇದು..."

ಮೂರನೆಯದು ನಾಲಿಗೆಯ ಮೇಲೆ ಬಿದ್ದೊಡನೆ ನನ್ನ ಮೈ ಹಗುರವಾಯಿತು. ಜೇನು, ಮಾಗಿದ ಪೇರು, ಬೆಣ್ಣೆ. ಹೊಗೆಯ ಸುಳಿವಿಲ್ಲ. ನನ್ನ ನೆಲದ ವಿಸ್ಕಿ ನನ್ನನ್ನು ಗುರುತು ಹಿಡಿದು ಮಾತಾಡಿಸಿತು. ನಾನು ಎದ್ದು ನಿಂತೇ ಭಾಷಣ ಮಾಡಿದೆ. ಮೂರು ಸಲ ಭಟ್ಟಿ ಇಳಿಸುವ ನಮ್ಮ ತಾಳ್ಮೆ, ನಮ್ಮ ನೀರು, ನಮ್ಮ ಮಳೆ, ನಮ್ಮಜ್ಜ, ಯಾರನ್ನೂ ಬಿಡಲಿಲ್ಲ. "ಇದು ಐರಿಷ್ ಅಲ್ಲ ಅಂದ್ರೆ ನನ್ನ ಮೂಗು ಕತ್ತರಿಸಿ ನಾಯಿಗೆ ಹಾಕು," ಎಂದು ಹೆಂಡತಿಗೆ ಸವಾಲು ಹಾಕಿದೆ.

ಮಾವ ಮುಂದಕ್ಕೆ ಬಾಗಿ, ನನ್ನ ಮುಖದ ಹತ್ತಿರಕ್ಕೇ ಬಂದು ನೋಡಿದರು. ಆಮೇಲೆ ಮೂರನೇ ಗ್ಲಾಸನ್ನು ನಿಧಾನವಾಗಿ ಖಾಲಿ ಮಾಡಿದರು. ಕೆಳಗಿಟ್ಟರು.

"ಒಪ್ಕೊಂಡೆ," ಎಂದರು. "ಇಂಥದ್ದು ನಮ್ಮಲ್ಲಿಲ್ಲ. ನನ್ನ ಓಟೂ ಮೂರಕ್ಕೇ. ಗೆದ್ದೆ ಕಣೋ ಅಳಿಯಾ."

ಇಪ್ಪತ್ತಾರು ವರ್ಷ ಕಾದ ಮಾತು. ನನಗೆ ನಿಜಕ್ಕೂ ಅಳು ಬಂತು. ಹೊಗೆಯಿದ್ದದ್ದರಿಂದ ಮರ್ಯಾದೆ ಉಳಿಯಿತು. ಆ ಕ್ಷಣಕ್ಕೆ ಸರಿಯಾಗಿ ಚಿಮಣಿಯಿಂದ ಕಾಗೆಗಳ ಅರಮನೆ ಕುಸಿದು, ಮಸಿ, ಕಡ್ಡಿ, ಕಾಲುಚೀಲ ಸಮೇತ ರತ್ನಗಂಬಳಿಯ ಮೇಲೆ ಬಿತ್ತು. ಪುಣ್ಯಕ್ಕೆ ಗೂಡಿನಲ್ಲಿ ಯಾರೂ ಇರಲಿಲ್ಲ. ನಾವು ಮೂವರೂ ಅಂಗಳಕ್ಕೆ ಬಿದ್ದೆವು.

ಅಂಗಳದಲ್ಲಿ ನಿಂತು ಈಶ್ಬೆಲ್ ಚೀಟಿ ಬಿಡಿಸಿದಳು. ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ನನ್ನ ಮೂಗನ್ನೇ ನೋಡುತ್ತ ಹೇಳಿದಳು:

"ಒಂದು, ಎರಡು ಐರಿಷ್. ನಾಲ್ಕು ಅಂಗಡಿ ಸ್ಕಾಚ್. ಮೂರು ಅಪ್ಪ ತಂದ ಬಾಟ್ಲಿ."

"ಮೊದಲೆರಡರಲ್ಲಿ ಕೋಣೆ ಹೊಗೇನೇ ವಿಸ್ಕಿ ಹೊಗೆ ಅಂದ್ಕೊಂಡೆ ನೀನು. ಆಮೇಲೆ ಕಾಲು ಗಂಟೆ ಹೊಗೇಲಿ ನೆಂದ ಮೂಗಿಗೆ ಹೊಗೆ ಎಲ್ಲಿ ಗೊತ್ತಾಗುತ್ತೆ?" ಎಂದು ಅವಳೇ ಬಿಡಿಸಿ ಹೇಳಿದಳು. "ಹೊಗೆ ಬಿಟ್ಟು ಮಿಕ್ಕಿದ್ದೆಲ್ಲ ಗೊತ್ತಾಗಿದೆ ನಿಂಗೆ."

ನಾನು ಮಾವ ಕುಣಿಯುತ್ತಾರೆ ಎಂದುಕೊಂಡೆ. ಅವರು ಕುಣಿಯಲಿಲ್ಲ. ಕೆಂಪಗಾದರು.

"ದಡ್ಡ ಮುಂಡೇದೆ," ಎಂದರು ನನಗೆ. "ನಿನ್ನ ಮುಖ ನಂಬಿ ಓಟು ಹಾಕಿದ್ನಲ್ಲೋ. ನಿಮ್ಮೂರಿನ ವಿಸ್ಕಿ ನಿಂಗೇ ಗೊತ್ತಾಗಲ್ವಾ?"

"ನನ್ನ ಮುಖ ಯಾಕೆ ನೋಡಿದ್ರಿ? ನಿಮ್ಮ ಮೂಗಿರಲಿಲ್ವಾ?"

ಮಾವ ಹಗ್ಗದ ಮೇಲಿನ ನೀಲಿ ಟೋಪಿಯ ಕಡೆಗೆ ತಿರುಗಿಕೊಂಡರು. "ಇಲ್ಲ," ಎಂದರು. "ಹೋದ ಚಳಿಗಾಲದ ಜ್ವರದಲ್ಲಿ ಹೋಯ್ತು. ವಾಸನೆ ಇಲ್ಲ, ರುಚಿ ಇಲ್ಲ. ಬಾಯಿಗೆ ಬಿಸಿ ತಾಗುತ್ತೆ, ಅಷ್ಟೆ. ನಲವತ್ತು ವರ್ಷ ಪೀಪಾಯಿ ಮೂಸಿದವನು ಇದನ್ನ ಯಾರ ಹತ್ರ ಹೇಳ್ಕೊಳ್ಳೋದು?"

"ಅಪ್ಪ," ಎಂದಳು ಈಶ್ಬೆಲ್. ಅವರ ತೋಳು ಹಿಡಿದುಕೊಂಡಳು.

"ಈ ಸಲ ಇವನನ್ನ ಗೆಲ್ಲಿಸೋಣ ಅಂತಲೇ ಬಂದಿದ್ದೆ. ಹುಡುಗಿ ಅವನ ಮಗಳು. ಅವನ ವಿಸ್ಕೀಲೇ ಹರಸಲಿ ಅಂತ. ಅವನ ಮುಖ ಯಾವ ಗ್ಲಾಸಿಗೆ ಅರಳುತ್ತೆ ಅಂತ ಕಾದು ಕೂತಿದ್ದೆ. ಇವನು ನೋಡಿದ್ರೆ ನನ್ನದಕ್ಕೇ ಅರಳಿದಾನೆ."

ಗೆಲ್ಲಲು ಹೊರಟ ನಾನು ಸೋತಿದ್ದೆ, ಸೋಲಲು ಬಂದ ಮಾವ ಗೆದ್ದಿದ್ದರು. ಪಂದ್ಯ ರದ್ದು ಮಾಡೋಣ ಎಂದು ನಾನು, ಐರಿಷ್ ಇರಲಿ ಎಂದು ಮಾವ, ಸ್ಕಾಚೇ ಇರಲಿ ಎಂದು ನಾನು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಪಕ್ಷ ಬದಲಿಸಿಕೊಂಡು ಜಗಳವಾಡಿದೆವು. ಈಶ್ಬೆಲ್ ಇಬ್ಬರ ಕೈಗೂ ಒಂದೊಂದು ಪೊರಕೆ ಕೊಟ್ಟು, "ಇಬ್ರೂ ಮೂರಕ್ಕೇ ಓಟು ಹಾಕಿದೀರಿ. ಅದೇ ಮದುವೆಗೆ. ಈಗ ಕೋಣೆ ಗುಡಿಸಿ," ಎಂದಳು.

ಶನಿವಾರ ಮದುವೆ ಊಟದಲ್ಲಿ ನಾನು ಎದ್ದು ಮಗಳನ್ನು ಹರಸಿದೆ. ನೂರಿಪ್ಪತ್ತು ಜನ ಸ್ಕಾಚ್ ಎತ್ತಿದರು. ಪಕ್ಕದಲ್ಲಿ ಕೂತಿದ್ದ ಮಾವ ಗ್ಲಾಸನ್ನು ತುಟಿಗೆ ತಾಗಿಸಿ ಕೆಳಗಿಟ್ಟರು. ನನ್ನ ತೋಳು ಜಗ್ಗಿ ಪಿಸುಗುಟ್ಟಿದರು: "ಹೇಗಿದೆ ಹೇಳು."

ನನ್ನ ಮೂಗು ಅಷ್ಟು ಹೊತ್ತಿಗೆ ಸರಿಹೋಗಿತ್ತು. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ. "ಮೊದ್ಲು ಹೊಗೆ ಬರುತ್ತೆ ಮಾವ. ಆಮೇಲೆ ಉಪ್ಪು. ದೋಣಿಯ ಒದ್ದೆ ಹಗ್ಗದ ವಾಸನೆ. ಅದು ಹೋದ್ಮೇಲೆ ಹಿಂದಿನಿಂದ ಮೆಲ್ಲಗೆ ಸಿಹಿ. ಕೊನೇಲಿ ಮರ."

"ಅದು ನನ್ನ ಓಕು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಈ ಸಲ ಹೊಗೆ ಇರಲಿಲ್ಲ. "ಇಷ್ಟೆಲ್ಲ ಗೊತ್ತಿದ್ದೂ ಇಷ್ಟು ವರ್ಷ ನನ್ನ ಹತ್ರ ಬೈದ್ಕೊಂಡು ಕುಡಿದ್ಯಾ?"

ತಲೆ ತಗ್ಗಿಸಿದೆ. ಮಾವ ಮೇಜಿನಾಚೆಗೆ ಬಾಗಿ ಮಗಳನ್ನು ಕರೆದರು.

"ಈಶ್ಬೆಲ್, ನಿನ್ನ ಗಂಡನಿಗೆ ಇನ್ನೊಂದು ಹಾಕಮ್ಮ. ನಂಗಿನ್ನೂ ಕುಡಿದ ಹಾಗೇ ಆಗಿಲ್ಲ."