ಬ್ರೇಕಿಲ್ಲದ ಸೈಕಲ್ಲು ನಿಂತ ಕತೆ

ಇಷ್ಟೆಲ್ಲಾ ಆಗಿದ್ದು ಒಂದು ಕಟ್ಟು ಕೊತ್ತಂಬರಿ ಸೊಪ್ಪಿನಿಂದ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿಗೆ ನೀರು ಕುದಿಯುತ್ತಿದ್ದಾಗ ಅಪರ್ಣ ಅಡುಗೆಮನೆಯಿಂದಲೇ, "ರೀ, ಬೇಗ ಹೋಗಿ ಸೊಪ್ಪು ತಂದ್ಬಿಡಿ" ಎಂದಳು. ರಘುನಂದನ ನಡೆದುಕೊಂಡು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನು ಸೈಕಲ್ ತೆಗೆದ.

ಸೈಕಲ್ ಅಂದರೆ ನಿಮ್ಮ ನಮ್ಮ ಮನೆಯ ಸೈಕಲ್ ಅಲ್ಲ. ತುಮಕೂರಿನ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಂಡು ತಣ್ಣಗಿದ್ದ ಈ ಮನುಷ್ಯ, ಒಂದು ದಿನ ಫೋನಿನಲ್ಲಿ ಯಾವುದೋ ದೇಶದ ಟ್ರ್ಯಾಕ್ ರೇಸು ನೋಡಿ ತಲೆ ಕೆಡಿಸಿಕೊಂಡ. ಅಲ್ಲಿಂದ ಆರು ತಿಂಗಳು ಕೈಯಾರೆ ಕಟ್ಟಿದ ಸೈಕಲ್ ಅದು. ಕುಣಿಗಲ್ಲಿನಲ್ಲಿ ಹುಡುಕಿ ಹಳೇ ಸೈಕಲ್ಲೊಂದನ್ನು ತಂದು, ಅದರ ಮಡ್‌ಗಾರ್ಡು, ಕ್ಯಾರಿಯರ್ರು, ಸ್ಟ್ಯಾಂಡು, ಬೆಲ್ಲು ಎಲ್ಲವನ್ನೂ ಕಿತ್ತ. ಕೀಳಲು ಇನ್ನೇನೂ ಉಳಿಯದಿದ್ದಾಗ ಬ್ರೇಕನ್ನೂ ಕಿತ್ತ. ಆಮೇಲೆ ಸತ್ಯಮಂಗಲದಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ಭೀಮರಾಜನ ಹತ್ತಿರ ಹೋಗಿ, ಹಿಂದಿನ ಚಕ್ರದ ಫ್ರೀವೀಲನ್ನು ಅಲ್ಲಾಡದ ಹಾಗೆ ವೆಲ್ಡ್ ಮಾಡಿಸಿದ.

"ಸಾ, ಇದ್ನ ಬೆಸ್ದುಬುಟ್ರೆ ಪೆಡ್ಲು ನಿಲ್ಸಕ್ಕಾಗಕಿಲ್ಲ ಕಣ್ ಸಾ," ಎಂದು ಭೀಮರಾಜ್ ಹೇಳಿಯೂ ಹೇಳಿದ್ದ.

"ಅದೇ ಬೇಕಾಗಿರೋದು," ಎಂದಿದ್ದ ರಘುನಂದನ.

ಆ ಸೈಕಲ್ಲಿನ ಕಟ್ಟುಪಾಡು ಇಷ್ಟೇ. ಚಕ್ರ ತಿರುಗುವಷ್ಟು ಹೊತ್ತು ಪೆಡಲ್ ತಿರುಗುತ್ತದೆ, ಪೆಡಲ್ ತಿರುಗುವಷ್ಟು ಹೊತ್ತು ಕಾಲೂ ತಿರುಗಬೇಕು. ನಿಲ್ಲಿಸಬೇಕೆಂದರೆ ಕಾಲಿನಿಂದಲೇ ಎದುರೊತ್ತಬೇಕು. ದಿನಾ ಸಂಜೆ ಕಾಲೇಜಿನ ಮೈದಾನದಲ್ಲಿ ಅಭ್ಯಾಸ ಮಾಡಿ, ನೆಲಕ್ಕೆ ಕಾಲೂರದೆ ಸೈಕಲ್ ಮೇಲೆ ನಿಂತಲ್ಲೇ ನಿಲ್ಲುವುದನ್ನೂ ಅವನು ಕಲಿತಿದ್ದ. ಆದರೆ ಮೈದಾನ ಸಮತಟ್ಟು, ಅವರ ಬೀದಿ ಇಳಿಜಾರು. ಈ ವ್ಯತ್ಯಾಸ ಭೌತಶಾಸ್ತ್ರದ ಮೇಷ್ಟ್ರಿಗಾದರೂ ಹೊಳೆಯಬೇಕಿತ್ತು.

ಸೊಪ್ಪು ಹಿಡಿದು ಇಳಿಜಾರಿನಲ್ಲಿ ಬಂದವನನ್ನು ಕಂಡು ಅಪರ್ಣ ಗೇಟಿನ ಹತ್ತಿರ ಕೈ ನೀಡಿದಳು. ರಘುನಂದನ "ಬಂದೆ ಬಂದೆ" ಎನ್ನುತ್ತಾ ಹೋಗಿಯೇ ಬಿಟ್ಟ. ಕೆಳಗಿನ ಪಾರ್ಕು ಸುತ್ತಿ ಹಿಂದಿನ ರಸ್ತೆಯಲ್ಲಿ ಏರು ಹತ್ತುವಾಗ ಇಳಿದುಬಿಡಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಬೀದಿಯ ನಾಲ್ಕು ಜನ ನೋಡುತ್ತಿದ್ದರು, ಇಳಿದು ತಳ್ಳಿಕೊಂಡು ಬರುವುದಕ್ಕೆ ಮರ್ಯಾದೆ ಬಿಡಲಿಲ್ಲ. ಎರಡನೇ ಸಲ ಬಂದಾಗ ಅವನ ಕಾಲುಗಳು ಹೊಲಿಗೆ ಮೆಷಿನ್ನಿನ ಸೂಜಿಯ ಹಾಗೆ ಏರಿಳಿಯುತ್ತಿದ್ದವು. ಸೊಪ್ಪನ್ನಾದರೂ ತಲುಪಿಸೋಣವೆಂದು ಒಂದು ಕೈ ಬಿಟ್ಟು ಹೆಂಡತಿಯತ್ತ ಎಸೆದ. ಸೊಪ್ಪು ಅಪರ್ಣಳ ತಲೆಯ ಮೇಲೆ ಬಿತ್ತು. ಸೈಕಲ್ಲು ಎದುರುಮನೆ ಗಿರಿಯಮ್ಮ ಒಣಹಾಕಿದ್ದ ಸಂಡಿಗೆಯ ಚಾಪೆಗೆ ನುಗ್ಗಿತು.

ಗಿರಿಯಮ್ಮ ಕೂಗಲಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಂತು, "ಯಾಕ್ ಮೇಷ್ಟ್ರೇ, ಅಷ್ಟಗಲದ ರೋಡು ಸಾಕಾಗ್ನಿಲ್ವಾ?" ಎಂದಳು. "ಬೆಳಗಾನ ಎದ್ದು ಒತ್ತಿದ್ನಲ್ಲಪ್ಪ. ಪಾಠ ಹೇಳೋರು ನೀವೇ ಹಿಂಗಾದ್ರೆ ಹುಡ್ಗರ್ನ ಏನನ್ನನ."

ನೋಡನೋಡುತ್ತಿದ್ದಂತೆ ಅರ್ಧ ಬೀದಿ ಸೇರಿತು. ಎಲ್ಲರಿಗಿಂತ ಮುಂದೆ ಬಡಾವಣೆ ಸಂಘದ ಕಾರ್ಯದರ್ಶಿ ನಾಗಭೂಷಣ್. ಯಾರ ಮನೆಯಲ್ಲಿ ಕುಕ್ಕರ್ ಕೂಗಿದರೂ ಏನಾಯಿತೆಂದು ವಿಚಾರಿಸಿಕೊಂಡು ಬರುವ ಮನುಷ್ಯ ಅವರು. ಬಿದ್ದಿದ್ದ ಸೈಕಲ್ಲನ್ನು ಎತ್ತಿ ಹಿಂದೆ ಮುಂದೆ ನೋಡಿದರು.

"ಬ್ರೇಕ್ ಎಲ್ಲಿ ಸಾರ್? ಕಳ್ತನ ಆಯ್ತಾ?"

"ಇಲ್ಲ. ನಾನೇ ತೆಗ್ದೆ."

ನಾಗಭೂಷಣ್ ದನಿ ತಗ್ಗಿಸಿದರು. "ಸಾರ್, ಮನೇಲೆಲ್ಲಾ ಸೌಖ್ಯ ತಾನೇ?"

ಅಪರ್ಣ ಕೂದಲಿನಿಂದ ಕೊತ್ತಂಬರಿ ಎಲೆ ತೆಗೆಯುತ್ತಾ ಬಂದಳು. ಸಿಟ್ಟು ಬಂದಾಗ ಅವಳು ಬಹಳ ನಿಧಾನವಾಗಿ ಮಾತಾಡುತ್ತಾಳೆ. "ನಿಲ್ಸೋಕೇ ಆಗ್ದೇ ಇರೋ ಸೈಕಲ್ ನನ್ ಮನೇಲಿ ಬೇಡ. ನಾಳೆ ಗುಜರಿಯವ್ನು ಬರ್ತಾನೆ, ಕೊಟ್ಬಿಡ್ತೀನಿ."

ರಘುನಂದನ ಸೈಕಲ್ಲನ್ನು ನಾಗಭೂಷಣರ ಕೈಯಿಂದ ಎಳೆದುಕೊಂಡ. ಅವಳು ಬರೀ ಬೆದರಿಸುವವಳಲ್ಲ, ಹೋದ ವರ್ಷ ಅವನ ಟೆಲಿಸ್ಕೋಪು ಮನೆ ಬಿಟ್ಟದ್ದೂ ಇಂಥದೇ ಎರಡು ಮಾತಿನಲ್ಲಿ. ಟೆಲಿಸ್ಕೋಪು ಹೋದರೆ ಹೋಗಲಿ, ಅದು ಕೊಂಡದ್ದು. ಇದು ಅವನೇ ಕಟ್ಟಿದ್ದು. ಕೈಯಲ್ಲಿ ಹಿಡಿದು ಪೂರ್ತಿ ಮಾಡಿದ ಇನ್ನೊಂದು ಕೆಲಸ ತನ್ನ ನಲವತ್ತು ವರ್ಷದಲ್ಲಿ ಅವನಿಗೆ ನೆನಪಾಗಲಿಲ್ಲ, ಅಳು ಬರುವುದೊಂದು ಬಾಕಿ.

"ನಿಲ್ಲುತ್ತೆ ಕಣೇ," ಎಂದ. "ನಿಂತ್ರೆ ಅಲ್ಲಾಡಲ್ಲ. ಇಡೀ ತುಮಕೂರಲ್ಲಿ ಇಷ್ಟು ಚೆನ್ನಾಗಿ ನಿಲ್ಲೋ ಸೈಕಲ್ ಇನ್ನೊಂದಿಲ್ಲ."

ಗಿರಿಯಮ್ಮ ತನ್ನ ಸಂಡಿಗೆಯ ಕಡೆ ನೋಡಿದಳು. ಯಾರೋ ಕಿಸಕ್ಕೆಂದರು.

ನಾಗಭೂಷಣ್ ಮಾತ್ರ ನಗಲಿಲ್ಲ. ಅಂದು ಸಂಜೆ ಸಂಘದ ರಾಜ್ಯೋತ್ಸವ, ಕಾರ್ಯಕ್ರಮದಲ್ಲಿ ಸ್ಲೋ ಸೈಕಲ್ ರೇಸು ಇತ್ತು. ಕಾಲೂರದೆ ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದವರು ಗೆದ್ದ ಹಾಗೆ. ನಾಲ್ಕೇ ಜನ ಹೆಸರು ಕೊಟ್ಟಿದ್ದರಿಂದ ಕಾರ್ಯದರ್ಶಿಗಳು ಚಿಂತೆಯಲ್ಲಿದ್ದರು. "ಹಂಗಾದ್ರೆ ಸಂಜೆ ಬನ್ನಿ ಸಾರ್. ಎಲ್ರೆದ್ರಿಗೂ ನಿಂತು ತೋರ್ಸಿ."

"ಗೆದ್ರೆ ಸೈಕಲ್ ಮನೇಲಿರ್ಲಿ," ಎಂದಳು ಅಪರ್ಣ. "ಒಂದು ಕಾಲು ನೆಲಕ್ಕೆ ತಾಗ್ಲಿ, ಬೆಳಿಗ್ಗೆ ಗುಜರಿ."

ಅಲ್ಲಿಂದ ಸಂಜೆಯ ತನಕ ರಘುನಂದನನ ಮನೆಗೆ ಸಲಹೆಗಾರರ ದಂಡು. ಒಬ್ಬರು ಬಂದು ಚಕ್ರದ ಗಾಳಿ ಅರ್ಧ ಇಳಿಸಿದರು, ಗಾಳಿ ಕಮ್ಮಿಯಾದರೆ ನಿಧಾನ ಆಗುತ್ತದಂತೆ. ಅವರು ಹೋದ ಮೇಲೆ ಇನ್ನೊಬ್ಬರು ಬಂದು ಅಯ್ಯೋ ಪಾಪ ಎಂದು ಪೂರ್ತಿ ತುಂಬಿಸಿದರು. ನಾಗಭೂಷಣ್ ಚೈನಿಗೆ ಕೊಬ್ಬರಿ ಎಣ್ಣೆ ಹಚ್ಚಿದರು, ಆ ಕೈಯನ್ನು ಸೀಟಿಗೆ ಒರೆಸಿದರು. ಜಾರುವ ಸೀಟನ್ನು ಸೋಪು ಹಾಕಿ ಉಜ್ಜುವಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಕೂಗಿದ್ದೂ ಆಯಿತು.

ಗಿರಿಯಮ್ಮನ ಮನೆಯ ಮುಂದಿನಿಂದ ಮೇಲಿನ ಶಾಮಿಯಾನದವರೆಗೆ ಸುಣ್ಣದ ಗೆರೆ ಎಳೆದಿದ್ದರು. ತೀರ್ಪುಗಾರರು ನಿವೃತ್ತ ಡ್ರಿಲ್ ಮೇಷ್ಟ್ರು ಓಬಳಯ್ಯ, ಬಾಯಲ್ಲಿ ಸೀಟಿ. ಅವರು ಸೈಕಲ್ ನೋಡಿ ಸೀಟಿ ತೆಗೆದರು.

"ಬ್ರೇಕಿಲ್ಲದ ಗಾಡೀನ ನಾನು ಬಿಡಲ್ಲ."

"ರೇಸಲ್ಲಿ ಬ್ರೇಕ್ ಹಿಡಿಬಾರ್ದು ಅಂತ ನೀವೇ ಈಗ ಮೈಕಲ್ಲಿ ಹೇಳಿದ್ರಲ್ಲ ಸಾರ್. ನಾನು ಹಿಡಿಯೋ ಚಾನ್ಸೇ ಇಲ್ಲ."

ಓಬಳಯ್ಯ ಸೀಟಿಯನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಸೀಟಿ ಊದಿದರು. ಮೊದಲನೆಯವನು ಹೊರಟಲ್ಲೇ ಪಕ್ಕದವನ ಮೇಲೆ ವಾಲಿ ಇಬ್ಬರೂ ಬಿದ್ದರು. ಮೂರನೆಯವನು ಹ್ಯಾಂಡಲ್ಲನ್ನು ಅತ್ತಿತ್ತ ತಿರುಗಿಸುತ್ತಾ ಗುರಿಯ ಗೆರೆ ದಾಟಿದ. ನಾಲ್ಕನೆಯವನು ಸಾಕಷ್ಟು ಹೊತ್ತು ಹೆಣಗಾಡಿ, ಇನ್ನು ತಡೆಯಲಾರದೆ ಹೋಗಿ ಗುರಿ ಮುಟ್ಟಿದ. ರಘುನಂದನ ಹೊರಟ ಗೆರೆಯಿಂದ ಒಂದು ಮೊಳ ಮುಂದೆ, ಮುಂದಿನ ಚಕ್ರವನ್ನು ಸ್ವಲ್ಪ ಓರೆ ಮಾಡಿ, ಕಾಲು ಪೆಡಲಿನ ಪಟ್ಟಿಯಲ್ಲಿ ಸಿಕ್ಕಿಸಿಕೊಂಡು ಸುಮ್ಮನೆ ನಿಂತಿದ್ದ. ಏರಿನ ಕಡೆಗೆ ಮುಖವಾದದ್ದು ಅವನಿಗೆ ವರವೇ ಆಯಿತು.

"ಬಂಧುಗಳೇ, ರಘುನಂದನ್ ಸಾರ್ ನಿಂತಿದ್ದಾರೆ," ಎಂದು ನಾಗಭೂಷಣ್ ಮೈಕಿನಲ್ಲಿ ವರದಿ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೂ ನಿಂತಿದ್ದಾರೆ." ಆಮೇಲೆ ಹೇಳಲು ಏನೂ ಇಲ್ಲದೆ, "ಈ ನಡುವೆ ನೀರಿನ ಕಂದಾಯ ಬಾಕಿ ಇರೋರು ದಯವಿಟ್ಟು ಕಟ್ಬೇಕು," ಎಂದರು.

ಅಷ್ಟರಲ್ಲಿ ರಘುನಂದನ ಪೆಡಲನ್ನು ಹಿಂದಕ್ಕೆ ತುಳಿದ. ವೆಲ್ಡ್ ಆದ ಚಕ್ರವಲ್ಲವೇ, ಸೈಕಲ್ಲೂ ಹಿಂದಕ್ಕೆ ಬಂತು. ಜನ ಬಾಯಿಬಿಟ್ಟುಕೊಂಡು ನೋಡುತ್ತಿದ್ದಂತೆ ಹೊರಟ ಗೆರೆಯನ್ನೂ ದಾಟಿ ಹಿಂದೆ ಹೋಯಿತು.

"ಫೌಲ್," ಎಂದರು ಓಬಳಯ್ಯ.

ಇಲ್ಲಿಯವರೆಗೆ ಸುಮ್ಮನಿದ್ದ ಗಿರಿಯಮ್ಮ ಎದ್ದುನಿಂತಳು. "ಅದ್ಯಾಕ್ ಫೌಲು? ನಿದಾನುಕ್ಕೆ ತಾನೇ ಪ್ರೈಜು? ಮುಂದುಕ್ಕೆ ಹೋಗೋನ್ಗಿಂತ ಹಿಂದುಕ್ಕೆ ಬರೋನು ನಿದಾನ ಅಲ್ವಾ? ಬುಡಿ ಅತ್ಲಾಗೆ."

ಓಬಳಯ್ಯ ಫೌಲ್ ವಾಪಸ್ ತೆಗೆದುಕೊಂಡರು. ಜನ ಚಪ್ಪಾಳೆ ಹೊಡೆದರು. ಬೆಳಿಗ್ಗೆ ಸಂಡಿಗೆ ಕಳೆದುಕೊಂಡ ಹೆಂಗಸೇ ತನ್ನ ಪರ ನಿಂತದ್ದು ಕಂಡು ರಘುನಂದನ ಉಬ್ಬಿಹೋದ. ಗೆಲ್ಲಲು ಇನ್ನು ಆರಾಮಾಗಿ ತುಳಿದುಕೊಂಡು ಗುರಿ ಮುಟ್ಟಿದರೆ ಸಾಕಿತ್ತು. ಆದರೆ ಇಡೀ ಬಡಾವಣೆ ತನ್ನನ್ನೇ ನೋಡುತ್ತಿರುವಾಗ ಹೋಗುವುದಕ್ಕೆ ಮನಸ್ಸು ಬರಬೇಕಲ್ಲ. ನಿಂತ. ಸೊಳ್ಳೆ ಕಚ್ಚಿತು, ನಿಂತ. ಊಟದ ಸಾಲು ಶುರುವಾಯಿತು, ನಿಂತ. ಅಪರ್ಣ ದೊನ್ನೆಯಲ್ಲಿ ಕೇಸರಿಬಾತ್ ತಂದು ಒಂದು ತುತ್ತು ಅವನ ಬಾಯಿಗಿಟ್ಟಳು. ಅವಳ ಕಣ್ಣಿನಲ್ಲಿ ಮದುವೆಯ ಹೊಸದರಲ್ಲಿ ಕಂಡಿದ್ದ ಬೆರಗು ಇತ್ತು. ಸ್ವರ್ಗಕ್ಕೆ ಮೂರೇ ಗೇಣು ಎಂದುಕೊಂಡ ರಘುನಂದನ.

ಕೊನೆಗೆ ಓಬಳಯ್ಯನವರೇ ಕೈಮುಗಿದರು. "ದಾಟಪ್ಪ ಸಾಕು, ಪಾಯಸ ಖಾಲಿಯಾಗ್ತಿದೆ." ಅವನು ರಾಜಗಾಂಭೀರ್ಯದಿಂದ ತುಳಿದು ಗುರಿ ಮುಟ್ಟಿದ. ಹಾರ ಹಾಕಿದರು. ಒಂದು ಹಾರ ಸೈಕಲ್ಲಿಗೂ ಬಿತ್ತು.

"ನಾನು ಸೋತೆ," ಎಂದಳು ಅಪರ್ಣ, ಎಲ್ಲರೆದುರಿಗೆ. "ಇದನ್ನ ಯಾರಿಗೂ ಕೊಡಲ್ಲ. ಮನೇಲೇ ಇರುತ್ತೆ."

ರಘುನಂದನ ಸೈಕಲ್ಲಿನ ಹಾರ ಸರಿಮಾಡಿದ. "ಥ್ಯಾಂಕ್ಸ್ ಕಣೇ," ಎಂದ.

"ನಾಳೆಯಿಂದ ನಾನೇ ಇಟ್ಕೋತೀನಿ."

"ಏನು?"

"ಗುಬ್ಬೀಲಿ ಹೈಸ್ಕೂಲಿಗೆ ಹೋಗ್ತಿದ್ದಾಗ ಸೈಕಲ್ ಕಲಿಯೋಕೆ ಹೋಗಿ ಮೋರಿಗೆ ಬಿದ್ದೋಳು ರೀ ನಾನು. ಆಮೇಲೆ ಮುಟ್ಟಿಲ್ಲ, ಭಯ. ಹಾಳಾದ್ದು ಎಲ್ಲಾ ಸೈಕಲ್ಲೂ ಓಡುತ್ವೆ. ಇಷ್ಟು ಸಾಧು ಸೈಕಲ್ ನಾನು ಹುಟ್ಟಿದಾಗಿಂದ ನೋಡಿಲ್ಲ. ಕೂತ್ರೆ ಸುಮ್ನೆ ನಿಂತಿರುತ್ತೆ. ಬೆಳಿಗ್ಗೆ ಓಡ್ಸಿದ್ದು ನೀವು, ಅದರ ತಪ್ಪಲ್ಲ. ಇನ್ಮೇಲೆ ಆಫೀಸಿಗೆ ಇದ್ರಲ್ಲೇ ಹೋಗ್ತೀನಿ."

ರಘುನಂದನ ಬಾಯಿ ತೆರೆದ. ಇದು ಸಾಧುವಲ್ಲ ಮಾರಾಯ್ತಿ, ಇಳಿಜಾರಿನಲ್ಲಿ ನಿನ್ನ ಕಾಲು ಕಿತ್ತುಕೊಂಡು ಹೋಗುತ್ತೆ ಎಂದು ಹೇಳಬೇಕಿತ್ತು. ಹೇಳಿದರೆ ನಾಳೆ ಬೆಳಿಗ್ಗೆ ಗುಜರಿ. ಹೇಳದಿದ್ದರೆ ನಾಳೆ ಬೆಳಿಗ್ಗೆ ಹೆಂಡತಿ ಮೋರಿಯಲ್ಲಿ. ತೆರೆದ ಬಾಯನ್ನು ಹಾಗೆಯೇ ಮುಚ್ಚಿದ.

"ನಂಗೂ ಕಲ್ಸಿಕೊಡವ್ವ," ಎಂದಳು ಗಿರಿಯಮ್ಮ, ಆಗಲೇ ಸೀಟು ಸವರುತ್ತಾ. "ಇಂಥದಾದ್ರೆ ನಾನೂವೆ ಹತ್ತುತೀನಿ."

ಇದು ನಾಗಭೂಷಣರ ಕಿವಿಗೆ ಬಿತ್ತು, ಅಲ್ಲಿಂದ ಮೈಕಿಗೆ ಬಿತ್ತು. "ಬಂಧುಗಳೇ, ಒಂದು ಸಂತೋಷದ ಸುದ್ದಿ. ರಘುನಂದನ್ ಸಾರ್ ತಮ್ಮ ಸೈಕಲ್ಲನ್ನ ಬಡಾವಣೆಯ ಹೆಣ್ಮಕ್ಕಳ ಸೈಕಲ್ ತರಬೇತಿಗೆ ಬಿಟ್ಟುಕೊಟ್ಟಿದ್ದಾರೆ. ನಾಳೆ ಸಂಜೆಯಿಂದ ಕ್ಲಾಸ್ ಶುರು." ಆ ದಿನದ ಅತಿ ದೊಡ್ಡ ಚಪ್ಪಾಳೆ ಆಗ ಬಿತ್ತು.

ರಘುನಂದನ ಕೊರಳಿನ ಹಾರ ತೆಗೆದು ಶಾಮಿಯಾನದ ಹಿಂದಕ್ಕೆ ಹೋಗಿ ಫೋನ್ ಮಾಡಿದ.

"ಭೀಮರಾಜ್, ನಾಳೆ ಬೆಳಗ್ಗೇನೇ ಬರ್ತೀನಿ. ವೆಲ್ಡಿಂಗ್ ಕೀಳ್ಬೇಕು. ಹೊಸ ಫ್ರೀವೀಲ್ ಹಾಕು. ಎರಡು ಚಕ್ರಕ್ಕೂ ಬ್ರೇಕು. ಮಡ್‌ಗಾರ್ಡು, ಸ್ಟ್ಯಾಂಡು, ಬೆಲ್ಲು. ಸೀರೆ ಸಿಕ್ಕದ ಹಾಗೆ ಚೈನಿಗೆ ಕವರ್ರು, ಚಕ್ರಕ್ಕೆ ಜಾಲರಿ."

ಆ ಕಡೆಯಿಂದ ಭೀಮರಾಜ್ ಬಹಳ ಮೆತ್ತಗೆ ಕೇಳಿದ. "ಬುಟ್ಟಿ ಮುಂದುಕ್ಕೋ ಹಿಂದುಕ್ಕೋ ಸಾ?"

ರಘುನಂದನ ಶಾಮಿಯಾನದ ಬಟ್ಟೆ ಸರಿಸಿ ನೋಡಿದ. ಗಿರಿಯಮ್ಮ ಸೀರೆ ಎತ್ತಿಕಟ್ಟಿ ಸೀಟಿನ ಮೇಲೆ ಕೂತಿದ್ದಳು. ಒಂದು ಕಡೆ ಅಪರ್ಣ, ಒಂದು ಕಡೆ ಓಬಳಯ್ಯ ಹಿಡಿದುಕೊಂಡಿದ್ದರು. ಹಿಂದೆ ಹೆಂಗಸರ ಸಾಲು ಊಟದ ಸಾಲಿಗಿಂತ ಉದ್ದವಾಗಿತ್ತು.

"ಎರಡೂ ಕಡೆ," ಎಂದ.